ಎಂಟನೇ ಕೈ

ಹದಿನೇಳನೇ ತಾರೀಖು, ಭಾನುವಾರ
ಮಧ್ಯಾಹ್ನ ಊಟವಾದ ಮೇಲೆ

ಪ್ರೀತಿಯ ಪುಟ್ಟಿಗೆ,

ನಿನಗೂ, ಅಳಿಯಂದಿರಿಗೂ, ನನ್ನ ಬಾಯಿಬಡುಕಿ ಮೊಮ್ಮಗಳಿಗೂ ಅಮ್ಮನ ತುಂಬು ಹಾರೈಕೆಗಳು. ನಾನು ಗಟ್ಟಿಯಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ, ಅದನ್ನು ಬಿಟ್ಟರೆ ದೂರು ಹೇಳುವಂಥದ್ದು ಏನೂ ಇಲ್ಲ.

ಮೊದಲು ನಿನ್ನ ಕೈಲಿ ಬೈಸಿಕೊಂಡುಬಿಡುತ್ತೇನೆ. ನಿನ್ನ ಕಾಗದ ಬಂದು ಎರಡು ತಿಂಗಳ ಮೇಲಾಯಿತು. ಫೋನ್ ಮಾಡಿದಾಗಲೆಲ್ಲ "ಬರೀತೀನಿ ಕಣೇ, ಬರೀತೀನಿ" ಅಂತ ಹಾರಿಸುತ್ತಾ ಬಂದೆ. ಮೂರು ಸಲ ಬರೆಯೋಕೆ ಕೂತಿದ್ದೆ. ಕೆಳಗಿನ ವೆಲ್ಡಿಂಗ್ ಅಂಗಡಿಯವರ ಸದ್ದಿಗೆ ತಲೆ ಓಡುವುದಿಲ್ಲ ಅಂತ ಎದ್ದೆ. ಸದ್ದು ನಿಂತ ಮೇಲೆ ಪಾತ್ರೆ ತೊಳೆಯೋದಿದೆ ಅಂತ ಎದ್ದೆ. ಒಬ್ಬಳಿಗೆ ಎಷ್ಟು ಪಾತ್ರೆ ಇರುತ್ತವೆ ಹೇಳು? ಒಂದು ತಟ್ಟೆ, ಒಂದು ಲೋಟ. ಇವತ್ತು ಅಂಗಡಿಗೆ ರಜೆ, ನೆಪಕ್ಕೂ ರಜೆ. ಇನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ.

"ನಮ್ಮ ವಾರ್ಡಿಗೆ ಹೆಂಗಸರ ಸೀಟು ಬಂದಿದೆ ಅಮ್ಮ. ನೀವೇ ನಿಲ್ಲಬೇಕು ಅಂತ ಬೀದಿಯವರೆಲ್ಲ ಗಂಟುಬಿದ್ದಿದ್ದಾರೆ. ನಿಲ್ಲಲಾ, ಬೇಡವಾ?" ಅಂತ ಕೇಳಿದ್ದೀಯ. ನಾಮಪತ್ರ ಹಾಕೋಕೆ ಇನ್ನು ಹನ್ನೆರಡೇ ದಿನ ಅಂತ ಅಳಿಯಂದಿರು ಮೊನ್ನೆ ಹೇಳಿದರು. ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಕೂತು ಊರವರ ಕಾಯಿಲೆಯನ್ನೆಲ್ಲ ಕೇಳಿಸಿಕೊಳ್ಳುವವಳು ನೀನು. ನಿನ್ನನ್ನು ಕೇಳದೆ ಇನ್ಯಾರನ್ನು ಕೇಳುತ್ತಾರೆ?

ಹೂಂ ಅಥವಾ ಉಹೂಂ ಅಂತ ಒಂದು ಮಾತಿನಲ್ಲಿ ಮುಗಿಸಬಹುದಿತ್ತು. ಆದರೆ ನಾನು ಆ ಐದು ವರ್ಷ ಹೇಗೆ ಕಳೆದೆ ಅಂತ ನಿನಗೆ ಯಾವತ್ತೂ ಸರಿಯಾಗಿ ಹೇಳಿಲ್ಲ. ಫೋನಿನಲ್ಲಿ ಬರೀ ಜಂಬದ ಸುದ್ದಿ ಹೇಳಿದ್ದೇನೆ. ದೀಪ ಹಾಕಿಸಿದೆ, ಚರಂಡಿ ಮಾಡಿಸಿದೆ, ಇಂಥ ಅಧಿಕಾರಿಗೆ ಹೀಗಂದೆ ಅಂತ. ಅವೆಲ್ಲ ಸುಳ್ಳಲ್ಲ, ಆದರೆ ಅಷ್ಟೇ ಅಲ್ಲ. ಕೇಳಿದ ಮೇಲೆ ನೀನೇ ತೀರ್ಮಾನ ಮಾಡು.

ನಾನು ನಿಂತಿದ್ದು ಹೇಗೆ ಅಂತ ನಿನಗೆ ಗೊತ್ತು. ಆಸ್ಪತ್ರೆಯಿಂದ ನಿವೃತ್ತಿಯಾಗಿ ಮೂರು ತಿಂಗಳಾಗಿತ್ತು. ಬೆಳಿಗ್ಗೆ ಎದ್ದರೆ ಸೀರೆ ಯಾಕೆ ಉಡಬೇಕು ಅಂತ ಯೋಚನೆ ಬರುತ್ತಿತ್ತು. ಅಂಥದ್ದೊಂದು ದಿನ ಏಳೆಂಟು ಜನ ಹೆಂಗಸರು ಮೆಟ್ಟಿಲು ಹತ್ತಿ ಬಂದು, "ನರ್ಸಮ್ಮ, ನಮ್ಮ ಮಕ್ಕಳನ್ನ ಹೊರಗೆ ತಂದಿದ್ದೀರಿ, ನಮ್ಮ ಮಾತನ್ನೂ ಹೊರಗೆ ತನ್ನಿ" ಅಂದರು. ನಾನು ಕರಗಿಹೋದೆ. ಪ್ರಚಾರಕ್ಕೆ ಅಂತ ಮನೆಮನೆಗೆ ಹೋದರೆ ಪಕ್ಷ ಗಿಕ್ಷ ಯಾರೂ ಕೇಳಲಿಲ್ಲ. ಬಾಗಿಲು ತೆಗೆದ ಮೀಸೆ ಹೊತ್ತ ಗಂಡಸರನ್ನು ನೋಡಿ, "ಓ, ನೀನಾ? ಕಾಲು ಮುಂದೆ ಮಾಡ್ಕೊಂಡು ಬಂದವನು!" ಅಂದುಬಿಡುತ್ತಿದ್ದೆ. ಅವರಿಗೆ ನಾಚಿಕೆ, ಅವರ ತಾಯಂದಿರಿಗೆ ನಗು. ಇನ್ನೂರ ಹನ್ನೆರಡು ಮತಗಳಲ್ಲಿ ಗೆದ್ದೆ.

ಗೆದ್ದು ಮೂರನೇ ವಾರ. ಬಟ್ಟೆ ಒಣಗಿಸುತ್ತಿದ್ದೆ. ಪುರಸಭೆಯ ಜವಾನರು ಸೈಕಲ್ಲಿನಲ್ಲಿ ಬಂದರು. ಕಂಕುಳಲ್ಲಿ ಉದ್ದನೆಯ ರಿಜಿಸ್ಟರು. "ಇಲ್ಲೊಂದು ಸೈನ್ ಹಾಕಿ ಮೇಡಂ" ಅಂತ ಪುಟ ತೆಗೆದು ಬೆರಳಿಟ್ಟರು. ಓದಿದೆ. ಹಿಂದಿನ ಸಂಜೆ ಸಭೆ ನಡೆದಿತ್ತಂತೆ. ನಾನು ಹಾಜರಿದ್ದೆನಂತೆ. ಒಂಬತ್ತು ವಿಷಯಗಳಿಗೆ ಸರ್ವಾನುಮತದಿಂದ ಒಪ್ಪಿದ್ದೆನಂತೆ!

"ನಾನು ಹೋಗೇ ಇಲ್ಲವಲ್ಲಪ್ಪಾ?" ಅಂದೆ.

"ಯಾರೂ ಹೋಗಲ್ಲ ಮೇಡಂ. ಹೆಂಗಸರ ಸೈನು ನಾನೇ ಮನೆಗೆ ಬಂದು ಹಾಕಿಸ್ಕೊಂಡು ಹೋಗೋದು. ಹದಿನೈದು ವರ್ಷದಿಂದ ಹೀಗೇ. ನಾಲ್ಕು ಮನೆ ಆಯ್ತು, ನಿಮ್ಮದೇ ಕೊನೆ" ಅಂದರು. ಪಾಪ, ಒಳ್ಳೆಯ ಮನುಷ್ಯ. ಬಿಸಿಲಲ್ಲಿ ಬೆವರು ಸುರಿಯುತ್ತಿತ್ತು. ನೀರು ಕೊಟ್ಟೆ, ಸೈನು ಕೊಡಲಿಲ್ಲ.

"ಮುಂದಿನ ಸಲ ನಾನೇ ಬರ್ತೀನಿ. ಅಲ್ಲೇ ಹಾಕ್ತೀನಿ."

"ಅಲ್ಲಿ ಕೂರೋಕೆ ಜಾಗ ಇಲ್ಲ ಮೇಡಂ."

"ಮೂವತ್ತೊಂದು ವರ್ಷ ನಿಂತೇ ಕೆಲಸ ಮಾಡಿದವಳು ನಾನು. ನಿಂತ್ಕೋತೀನಿ ಬಿಡಿ."

ಹೇಳೋಕೇನೋ ಹೇಳಿಬಿಟ್ಟೆ. ಮುಂದಿನ ಸಭೆಯ ದಿನ ಆ ಕಟ್ಟಡದ ಮೆಟ್ಟಿಲ ತನಕ ಹೋಗಿ ಎರಡು ಸಲ ವಾಪಸ್ ತಿರುಗಿದೆ, ಪುಟ್ಟಿ. ಕೆಲಸಕ್ಕೆ ಸೇರಿದ ಮೊದಲ ದಿನವೂ ಹಾಗೆ ಹೆದರಿರಲಿಲ್ಲ. ಒಳಗೆ ಹೋದೆ. ಉದ್ದನೆಯ ಮೇಜು, ಸುತ್ತ ಹದಿನೈದು ಕುರ್ಚಿ, ಪ್ರತಿಯೊಂದರ ಮುಂದೆ ಹೆಸರಿನ ಫಲಕ. ಹೆಂಗಸರ ಹೆಸರಿನ ಫಲಕಗಳ ಹಿಂದೆ ಗಂಡಸರು ಆರಾಮಾಗಿ ಕೂತಿದ್ದರು. ಬೇಕರಿಯವಳ ಜಾಗದಲ್ಲಿ ಅವಳ ಮೈದುನ. ಚಿಕ್ಕಸೊಸೆಯ ಜಾಗದಲ್ಲಿ ಅವಳ ಮಾವ. ಅವಳ ಹೆಸರು ಊರಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ಆ ಮನೆಯ ಚಿಕ್ಕಸೊಸೆ ಅಂತಲೇ ಮತ ಕೇಳಿದ್ದರು, ಅಷ್ಟಕ್ಕೇ ಜನ ಹಾಕಿದ್ದರು. ಇನ್ನಿಬ್ಬರ ಜಾಗದಲ್ಲಿ ಅವರವರ ಗಂಡಂದಿರು.

ನನ್ನ ಕುರ್ಚಿಯಲ್ಲಿ ಯಾರೂ ಇರಲಿಲ್ಲ. ನಿಮ್ಮಪ್ಪ ಹೋಗಿ ಅಷ್ಟು ವರ್ಷವಾಗಿತ್ತಲ್ಲ, ಯಾರನ್ನು ಕೂರಿಸುತ್ತಾರೆ? ಅದರ ಮೇಲೆ ಹಳೆಯ ಫೈಲುಗಳನ್ನು ಪೇರಿಸಿಟ್ಟಿದ್ದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಫೈಲುಗಳನ್ನು ಒಂದೊಂದೇ ಎತ್ತಿ ಅಧ್ಯಕ್ಷರ ಮುಂದೆ ಇಟ್ಟೆ. ಆರು ಸಲ ಓಡಾಡಿದೆ. ಒಬ್ಬರೂ ಏಳಲಿಲ್ಲ. ಸೆರಗಿನಿಂದ ಧೂಳು ಒರೆಸಿ ಕೂತೆ.

ಅಧ್ಯಕ್ಷರು ಕೆಟ್ಟ ಮಾತಾಡುವವರಲ್ಲ. ಅದೇ ಕಷ್ಟ. ಮರದ ಅಡ್ಡೆಯ ಯಜಮಾನರು, ಯಾವಾಗಲೂ ಇಸ್ತ್ರಿ ಬಟ್ಟೆ, ಯಾವಾಗಲೂ ನಗು. ಅವರ ಇಬ್ಬರು ಮಕ್ಕಳೂ ನನ್ನ ಕೈಯಲ್ಲೇ ಹುಟ್ಟಿದ್ದು. "ಬನ್ನಿ ಅಕ್ಕಾ, ಇಷ್ಟು ದೂರ ಯಾಕೆ ಶ್ರಮ ತಗೊಂಡ್ರಿ?" ಅಂದರು. ನಾನು ಎದ್ದು ಮಾತಾಡಿದರೆ ಮುಗಿಯುವವರೆಗೂ ಕೈಕಟ್ಟಿ ಕೇಳುತ್ತಿದ್ದರು. ಮುಗಿದ ಮೇಲೆ, "ಆಯ್ತಕ್ಕಾ. ಮುಂದಿನ ವಿಷಯ" ಅನ್ನುತ್ತಿದ್ದರು. ಜಗಳವಾಡಿದ್ದರೆ ನಾನೂ ಆಡುತ್ತಿದ್ದೆ. ಬೈದಿದ್ದರೆ ಬೈಯುತ್ತಿದ್ದೆ. ನೀರಿಗೆ ಕಲ್ಲು ಹಾಕಿದರೆ ಸದ್ದಾದರೂ ಬರುತ್ತೆ, ಅಲ್ಲಿ ಅದೂ ಇರಲಿಲ್ಲ. ಎರಡು ವರ್ಷ ಹೀಗೇ ಹೋಯಿತು.

ಹೊರಗೆ ಇನ್ನೊಂದು ಥರ. ಇದನ್ನು ನಿನಗೆ ಹೇಳಲೇಬೇಕು. ಮೊದಲೆಲ್ಲ ಸಂಜೆ ಹೊತ್ತು ನಮ್ಮ ಮೆಟ್ಟಿಲ ಮೇಲೆ ಹೆಂಗಸರು ಬಂದು ಕೂರುತ್ತಿದ್ದರಲ್ಲ, ಅತ್ತೆಯ ಮೇಲೆ ಚಾಡಿ, ಗಂಡನ ಮೇಲೆ ನಗು. ನಾನು ಸದಸ್ಯೆ ಆದಮೇಲೆ ಬಂದವರೆಲ್ಲ ಕೈಯಲ್ಲಿ ಒಂದು ಅರ್ಜಿ ಹಿಡಿದೇ ಬಂದರು. ಅರ್ಜಿ ಕೊಟ್ಟು ನಿಂತೇ ಹೋಗುತ್ತಿದ್ದರು. ಮದುವೆಗೆ ಹೋದರೆ ಮುಂದಿನ ಸಾಲಿನಲ್ಲಿ ಗಂಡಸರ ಪಕ್ಕ ಕೂರಿಸುತ್ತಿದ್ದರು. ಆ ಗಂಡಸರು ನನ್ನ ತಲೆಯ ಮೇಲಿಂದ ಒಬ್ಬರಿಗೊಬ್ಬರು ಮಾತಾಡುತ್ತಿದ್ದರು. ಒಳಗಡೆ ಅಡುಗೆಮನೆಯಲ್ಲಿ ಹೆಂಗಸರ ನಗು ಕೇಳುತ್ತಿತ್ತು. ಎದ್ದು ಒಳಗೆ ಹೋದರೆ ನಗು ಗಪ್ಪನೆ ನಿಲ್ಲುತ್ತಿತ್ತು. "ಅಯ್ಯೋ ಮೇಡಂ, ನೀವ್ಯಾಕೆ ಇಲ್ಲಿ, ಹೊರಗೆ ಕೂತ್ಕೊಳ್ಳಿ" ಅಂತ ಒಬ್ಬಳು ಸ್ಟೂಲು ಹುಡುಕುತ್ತಿದ್ದಳು. ನರ್ಸಮ್ಮ ಹೋಗಿ ಮೇಡಂ ಆಗಿಬಿಟ್ಟಿದ್ದೆ. ಹೊರಗೂ ಸಲ್ಲದೆ, ಒಳಗೂ ಸಲ್ಲದೆ, ನಡುಮನೆಯ ಬಾಗಿಲಲ್ಲಿ ಎಷ್ಟು ಸಲ ನಿಂತಿದ್ದೇನೋ.

ಆಗ ಒಂದು ಸಂಗತಿ ಅರ್ಥವಾಯಿತು. ಆ ಸಭಾಂಗಣದಲ್ಲಿ ನಾನು ಎಷ್ಟೇ ಒಳ್ಳೆಯ ಮಾತಾಡಿದರೂ ಒಬ್ಬಳು ಒಬ್ಬಳೇ. ಉಳಿದ ನಾಲ್ವರು ಅವರವರ ಕುರ್ಚಿಗೆ ಬಂದರೆ ಐದು. ಐದು ಅಂದರೆ ಯಾರಾದರೂ ಎಣಿಸಬೇಕಾಗುತ್ತದೆ.

ಆದರೆ ಅವರ ಮನೆಗೆ ಹೋಗೋದು ಹೇಗೆ? ಸದಸ್ಯೆ ಅಂತ ಹೋದರೆ ಹೊರಗಿನ ಕೋಣೆಯಲ್ಲೇ ಕಾಫಿ ಕೊಟ್ಟು ಕಳಿಸುತ್ತಾರೆ. ಹಳೆಯ ಬಿಪಿ ಯಂತ್ರ ಚೀಲಕ್ಕೆ ಹಾಕಿಕೊಂಡೆ. ನರ್ಸಮ್ಮನಿಗೆ ಯಾವ ಮನೆಯಲ್ಲೂ ತಡೆ ಇಲ್ಲ. ಚಿಕ್ಕಸೊಸೆಯ ಮನೆಗೆ ಹೋಗಿ ಮೊದಲು ಮಾವನ ತೋಳಿಗೇ ಪಟ್ಟಿ ಕಟ್ಟಿದೆ. "ಜಾಸ್ತಿ ಇದೆ ಯಜಮಾನ್ರೇ. ಸಭೆ ಗಿಭೆ ಅಂತ ತಲೆಗೆ ಹಚ್ಕೋಬೇಡಿ" ಅಂದೆ. ಅವರ ಮುಖ ನೋಡಬೇಕಿತ್ತು! ಆಮೇಲೆ ಹೆಂಗಸರಿಗೂ ನೋಡಿಬಿಡ್ತೀನಿ ಅಂತ ಅಡುಗೆಮನೆಗೆ ಹೋದೆ.

ಚಿಕ್ಕಸೊಸೆಗೆ ಆಗ ಇಪ್ಪತ್ತಾರೋ ಇಪ್ಪತ್ತೇಳೋ. ನಿನ್ನ ವಯಸ್ಸೇ. ಹಿಟ್ಟು ಮೆತ್ತಿದ ಕೈ ಮುಂದೆ ಚಾಚಿದಳು. ಗಾಳಿ ತುಂಬುತ್ತಾ ಮೆಲ್ಲಗೆ ಕೇಳಿದೆ:

"ರಿಜಿಸ್ಟರಿಗೆ ಸೈನು ನೀನೇ ಹಾಕ್ತೀಯಾ?"

"ನಾನೇ ಹಾಕ್ತೀನಿ."

"ಓದಿ ಹಾಕ್ತೀಯಾ?"

"ಓದೋಕೆ ಬಿಡಲ್ಲಮ್ಮ. ಮಾವ ಪುಟದ ಮೇಲೆ ಅಂಗೈ ಇಟ್ಕೊಂಡಿರ್ತಾರೆ. ಸೈನ್ ಮಾಡೋ ಜಾಗ ಮಾತ್ರ ಕಾಣತ್ತೆ." ಇನ್ನೊಂದು ಕೈಯ ಹಿಟ್ಟನ್ನು ಸೆರಗಿಗೆ ಒರೆಸುತ್ತಾ, "ನಾನು ಡಿಗ್ರಿ ಓದಿದ್ದೀನಿ" ಅಂದಳು. ನಾಚಿಕೆಯ ವಿಷಯ ಹೇಳುವ ಹಾಗೆ ಹೇಳಿದಳು.

ಬೇಕರಿಯವಳದು ಬೇರೆ ಸ್ವಭಾವ. ಒಲೆಯ ಮುಂದೆ ನಿಂತು ಬನ್ನಿನ ತಟ್ಟೆ ಎಳೆಯುತ್ತಾ, "ನನ್ನ ಮೈದುನಂಗೆ ಬ್ರೆಡ್ ಕೊಯ್ಯೋಕೆ ಬರಲ್ಲ, ಊರು ಆಳೋಕೆ ಹೋಗಿದಾನೆ" ಅಂದಳು. ಅವಳನ್ನು ಒಪ್ಪಿಸುವ ಕೆಲಸವೇ ಇರಲಿಲ್ಲ, ಬಾ ಅಂತ ಯಾರಾದರೂ ಹೇಳಲಿ ಅಂತ ಕಾಯುತ್ತಿದ್ದಳು. ಇನ್ನಿಬ್ಬರಿಗೆ ಆರು ತಿಂಗಳು ಹಿಡಿಯಿತು. ಅವರ ಬಿಪಿಯನ್ನು ನಾನು ನೋಡಿದಷ್ಟು ಸಲ ಯಾವ ಡಾಕ್ಟರೂ ನೋಡಿರಲಿಕ್ಕಿಲ್ಲ.

ಆಮೇಲೆ ಒಂದು ನಿರ್ಣಯ ಬರೆದೆವು. ಬೇಕರಿಯ ಹಿಂದಿನ ಕೋಣೆಯಲ್ಲಿ, ಮೈದಾ ಮೂಟೆಗಳ ಮೇಲೆ ಕೂತು. ಮೂರೇ ಸಾಲು: ಸಭೆ ಬೆಳಗಿನ ಹೊತ್ತು ನಡೆಯಬೇಕು. ಸದಸ್ಯರ ಕುರ್ಚಿಯಲ್ಲಿ ಸದಸ್ಯರೇ ಕೂರಬೇಕು. ರಿಜಿಸ್ಟರು ಸಭಾಂಗಣ ಬಿಟ್ಟು ಹೊರಗೆ ಹೋಗಬಾರದು. ಮೂರು ಸಾಲನ್ನೂ ಚಿಕ್ಕಸೊಸೆಯೇ ಬರೆದಳು. ಅವಳ ಅಕ್ಷರ ಎಷ್ಟು ದುಂಡಗೆ ಅಂತೀಯ!

ಹದಿನೈದರಲ್ಲಿ ನಾವು ಐದು. ಎಂಟು ಬೇಕು. ಅಧ್ಯಕ್ಷರ ಮೇಲೆ ಮುನಿಸಿದ್ದ ಒಬ್ಬರು, ಹೆಣ್ಣುಮಕ್ಕಳನ್ನೇ ಹೆತ್ತು ಮೆತ್ತಗಾಗಿದ್ದ ಒಬ್ಬರು, ನಿಯಮದ ಪುಸ್ತಕವನ್ನು ಬಾಯಿಪಾಠ ಮಾಡಿದ್ದ ನಿವೃತ್ತ ಮೇಷ್ಟ್ರು ಒಬ್ಬರು. ಮೂವರೂ ಕೈ ಎತ್ತುತ್ತೇವೆ ಅಂದರು. ಎಂಟಾಯಿತು. ಸರಿಯಾಗಿ ಎಂಟೇ. ಒಬ್ಬರು ಕಡಿಮೆಯಾದರೆ ಏಳಕ್ಕೆ ಏಳು, ಆಗ ಅಧ್ಯಕ್ಷರ ನಿರ್ಧಾರವೇ ಕೊನೆ.

ಬೆರಳು ನೋಯುತ್ತಿದೆ. ಮಿಕ್ಕಿದ್ದು ನಾಳೆ ಬರೆಯುತ್ತೇನೆ.

ಸೋಮವಾರ, ಬೆಳಿಗ್ಗೆ

ನಿನ್ನೆ ಬರೆದದ್ದನ್ನು ಈಗ ಓದಿದೆ. ವೀರಗಾಥೆಯ ಹಾಗೆ ಕಾಣುತ್ತಿದೆ. ಹರಿದು ಹಾಕೋಣ ಅನ್ನಿಸಿತು, ಆದರೆ ನಡೆದದ್ದೆಲ್ಲ ಹಾಗೇ ನಡೆದಿದ್ದು, ಇರಲಿ.

ನಮ್ಮ ನಿರ್ಣಯ ಮತಕ್ಕೆ ಬಂದ ಆ ಮಂಗಳವಾರ, ವಿಷಯಗಳ ಪಟ್ಟಿ ಉದ್ದ ಇದೆ ಅಂತ, ಸಭೆಯನ್ನು ಸಂಜೆಗೆ ಬದಲು ಬೆಳಿಗ್ಗೆ ಹತ್ತೂವರೆಗೆ ಕರೆದಿದ್ದರು. ಬೇಕರಿಯ ವ್ಯಾನಿನಲ್ಲಿ ನಾವು ಐವರೂ ಒಟ್ಟಿಗೆ ಬಂದು ಇಳಿದೆವು. ಮೈಯೆಲ್ಲ ಬಿಸ್ಕತ್ತಿನ ವಾಸನೆ. ಮಾವ, ಮೈದುನ, ಗಂಡಂದಿರು ನಮಗಿಂತ ಮುಂಚೆ ಬಂದು ಕುರ್ಚಿ ಹಿಡಿದಿದ್ದರು. ಮೇಷ್ಟ್ರು ಪುಸ್ತಕ ತೆಗೆದು, "ಮತ ಇರೋ ದಿನ ಸದಸ್ಯರಲ್ಲದವರು ಒಳಗಿದ್ದರೆ ಸಭೆಯೇ ಅಸಿಂಧು" ಅಂತ ಗಟ್ಟಿಯಾಗಿ ಓದಿದರು. ಗಂಡಸರು ಗೊಣಗುತ್ತಾ ವರಾಂಡಕ್ಕೆ ಹೋದರು. ಹೋಗಿ ಕಿಟಕಿಯ ಸರಳು ಹಿಡಿದು ನಿಂತರು.

ನಮ್ಮ ವಿಷಯ ಪಟ್ಟಿಯಲ್ಲಿ ಏಳನೆಯದು. ಅಧ್ಯಕ್ಷರು ಮೊದಲ ಆರನ್ನು ಎಳೆದರು ನೋಡು, ಹರಿಯುವ ಹಾಗೆ ಎಳೆದರು. ಬೀದಿನಾಯಿಗಳ ವಿಷಯಕ್ಕೇ ಮುಕ್ಕಾಲು ಗಂಟೆ. ನಡುನಡುವೆ, "ಮನೆಯಲ್ಲಿ ಕೆಲಸ ಇರೋರು ಹೊರಡಬಹುದು, ಬೇಜಾರಿಲ್ಲ" ಅಂತ ನಮ್ಮ ಕಡೆ ನೋಡಿ ನಗುತ್ತಿದ್ದರು. ಯಾರಾದರೂ ಒಬ್ಬಳು ಎದ್ದರೆ ಸಾಕಿತ್ತು ಅವರಿಗೆ. ಹೊರಗಿನಿಂದ ಮಾವ ಒಂದೇ ಸಮ ಕೆಮ್ಮುತ್ತಿದ್ದರು. ಆ ಕೆಮ್ಮು ಏನು ಹೇಳುತ್ತಿದೆ ಅಂತ ಚಿಕ್ಕಸೊಸೆಗೆ ಗೊತ್ತು, ನಮಗೂ ಗೊತ್ತು. ಅವಳು ಮೇಜಿನ ಕೆಳಗೆ ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದಳು.

ಮಧ್ಯಾಹ್ನ ಹನ್ನೆರಡೂ ಮುಕ್ಕಾಲಿಗೆ ನಮ್ಮ ವಿಷಯ ಬಂತು. "ಪರವಾಗಿರೋರು ಕೈ ಎತ್ತಿ" ಅಂದರು. ನಾನು ಎತ್ತಿದೆ. ಬೇಕರಿಯವಳು ಎರಡೂ ಕೈ ಎತ್ತಿ, ಒಂದನ್ನು ಇಳಿಸಿದಳು. ಇನ್ನಿಬ್ಬರು ಎತ್ತಿದರು. ಮೂವರು ಗಂಡಸರು ಎತ್ತಿದರು. ಏಳು. ಚಿಕ್ಕಸೊಸೆಯ ಕೈ ನನ್ನ ಸೆರಗಿನಲ್ಲೇ ಇತ್ತು. ಅಧ್ಯಕ್ಷರು ನಿಧಾನವಾಗಿ "ಒಂದು... ಎರಡು..." ಅಂತ ಎಣಿಸುತ್ತಿದ್ದರು. ಕಿಟಕಿಯಿಂದ ಕೆಮ್ಮು ನಿಂತು ಮಾತೇ ಬಂತು: "ಏಯ್!" ಅಂತ. ಅಷ್ಟೇ. ಆ ಸದ್ದಿಗೆ ಅವಳ ಕೈ ಸೆರಗು ಬಿಟ್ಟು ಮೇಲೆ ಹೋಯಿತು. ಹೆದರಿ ಎತ್ತಿದಳೋ, ಸಿಟ್ಟಿಗೆ ಎತ್ತಿದಳೋ, ಇವತ್ತಿಗೂ ಕೇಳಿಲ್ಲ. ತಲೆ ತಗ್ಗಿಸಿಯೇ ಇದ್ದಳು, ಕೈ ಮಾತ್ರ ನೆಟ್ಟಗೆ.

ಎಂಟು. ಮೇಷ್ಟ್ರು ಮತ್ತೆ ಎಣಿಸಿದರು. ಎಂಟೇ.

ಅವತ್ತೇ ನಿನಗೆ ಏನಾಯಿತು ಅಂತ ನಾನು ಇಲ್ಲಿ ಬರೆಯಬೇಕಾಗಿಲ್ಲ. ಐದೂವರೆಗೆ ನಾನು ನಿನ್ನ ಆಸ್ಪತ್ರೆಯ ಬಾಗಿಲಲ್ಲಿ ಬಸ್ಸಿಳಿದಾಗ ಎಲ್ಲ ಮುಗಿದಿತ್ತು. ಹದಿನೆಂಟು ದಿನ ಮುಂಚೆ ಬಂದ ಮಗುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ನೀನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ.

ನಿರ್ಣಯ ಏನಾಯಿತು ಅಂತ ಹೇಳುತ್ತೇನೆ. ನಿಂತಿತು. ಈಗಲೂ ನಿಂತಿದೆ. ರಿಜಿಸ್ಟರು ಬೀರುವಿನಲ್ಲೇ ಇರುತ್ತದೆ. ಇನ್ನಿಬ್ಬರಲ್ಲಿ ಒಬ್ಬಳು ನಾಲ್ಕು ತಿಂಗಳಿಗೇ "ಆರೋಗ್ಯ ಸರಿಯಿಲ್ಲ" ಅಂತ ರಾಜೀನಾಮೆ ಕೊಟ್ಟಳು. ಬರೆದುಕೊಟ್ಟವರು ಯಾರು ಅಂತ ಎಲ್ಲರಿಗೂ ಗೊತ್ತು. ಅವಳ ಬಿಪಿ ನನಗೆ ಗೊತ್ತಿಲ್ಲವಾ, ಕಲ್ಲಿನ ಹಾಗಿದ್ದಳು. ಬೇಕರಿಯವಳು ಬಾಯಿ ತೆಗೆದರೆ ಅಧ್ಯಕ್ಷರು ನೀರು ಕುಡಿಯುವ ಹಾಗಾಯಿತು. ಚಿಕ್ಕಸೊಸೆ ಒಂದು ವರ್ಷ ಮಾತೇ ಆಡಲಿಲ್ಲ, ಆದರೆ ಪ್ರತಿ ಹಾಳೆಯನ್ನೂ ಓದಿದಳು. ಎರಡನೇ ವರ್ಷ ಮಾರುಕಟ್ಟೆಯ ಹೆಂಗಸರ ಶೌಚಾಲಯದ ವಿಷಯಕ್ಕೆ ಎದ್ದು ನಿಂತವಳು ಹತ್ತು ನಿಮಿಷ ಕೂರಲಿಲ್ಲ. ಆ ಶೌಚಾಲಯ ಕಟ್ಟಿದರು, ಪುಟ್ಟಿ. ಬಾಗಿಲಿಗೆ ಒಳಗಿನಿಂದ ಚಿಲಕ ಇದೆ, ನೀರು ಬರುತ್ತದೆ.

ಮುಂದಿನ ಚುನಾವಣೆಗೆ ನನ್ನ ವಾರ್ಡು ಹೆಂಗಸರ ಸೀಟಾಗಿ ಉಳಿಯಲಿಲ್ಲ. ಆದರೂ ನಿಂತೆ. ಮನೆಮನೆಗೆ ಹೋದರೆ, "ನೀವು ತುಂಬಾ ಒಳ್ಳೆಯವರು ನರ್ಸಮ್ಮ, ಆದರೆ ಈ ಸಲ ಗಂಡಸರ ಸರದಿಯಲ್ವಾ?" ಅಂದರು. ನಾನೇ ಹೊರಗೆ ತಂದ ಮಕ್ಕಳೂ ಅಂದರು. ನಲವತ್ತು ಮತದಲ್ಲಿ ಸೋತೆ. ಚಿಕ್ಕಸೊಸೆ ಅವಳ ವಾರ್ಡಿನಲ್ಲಿ ಗಂಡಸರ ಎದುರೇ ನಿಂತು ಗೆದ್ದಳು. ಈಗ ಅವಳ ಹೆಸರು ಊರಿಗೆಲ್ಲ ಗೊತ್ತು. ಬೀದಿಯಲ್ಲಿ ನಾಲ್ಕು ಜನ ಸುತ್ತ ಇರುತ್ತಾರೆ. ದೂರದಿಂದ ಕೈ ಬೀಸುತ್ತಾಳೆ, ನಾನೂ ಬೀಸುತ್ತೇನೆ. ಮನೆಗೆ ಬಂದು ಕೂರುವಷ್ಟು ಅವಳಿಗೆ ಪುರುಸೊತ್ತಿಲ್ಲ. ಪುರುಸೊತ್ತು ಇರಬಾರದು ಅಂತಲೇ ಅಲ್ಲವಾ ಇಷ್ಟೆಲ್ಲ ಮಾಡಿದ್ದು? ಆದರೂ ಸಂಜೆ ಮೆಟ್ಟಿಲ ಮೇಲೆ ಸಪ್ಪಳವಾದರೆ ಬಾಗಿಲು ತೆಗೆದು ನೋಡುತ್ತೇನೆ. ಹೆಚ್ಚಾಗಿ ವೆಲ್ಡಿಂಗ್ ಅಂಗಡಿಯವರು ನೀರಿಗೆ ಬಂದಿರುತ್ತಾರೆ.

ಈಗ ನಿನ್ನ ಪ್ರಶ್ನೆ. ನಿಲ್ಲು. ಇಷ್ಟೆಲ್ಲ ಹೇಳಿದ ಮೇಲೂ ನಾನು ಹೇಳುವುದು ಅದೇ. ಓದದೆ ಒಂದಕ್ಷರಕ್ಕೂ ಸೈನು ಹಾಕಬೇಡ. ಅಳಿಯಂದಿರು ಒಳ್ಳೆಯವರು, ಆದರೂ ನಿನ್ನ ಕುರ್ಚಿಯಲ್ಲಿ ಒಂದು ದಿನವೂ ಅವರನ್ನು ಕೂರಿಸಬೇಡ, ನಿನಗೆ ಜ್ವರ ಬಂದರೆ ಕುರ್ಚಿ ಖಾಲಿ ಇರಲಿ. ಅರ್ಜಿಯಿಲ್ಲದೆ ಬರುವ ಇಬ್ಬರು ಗೆಳತಿಯರನ್ನು ಹೇಗಾದರೂ ಉಳಿಸಿಕೋ. ಅವರು ಬರದಿದ್ದರೆ ನೀನೇ ಹೋಗು, ಅಡುಗೆಮನೆಯಲ್ಲೇ ಕೂರು, ಸ್ಟೂಲು ಕೊಟ್ಟರೆ ನೆಲದ ಮೇಲೆ ಕೂರು. ನಾನು ಅದನ್ನು ಮಾಡಲಿಲ್ಲ. ಬಿಂಕ ಅಂತಲ್ಲ, ಹೇಗೆ ಅಂತ ತಿಳಿಯಲಿಲ್ಲ.

ಮೊಮ್ಮಗಳಿಗೆ ಎರಡು ಫ್ರಾಕು ಹೊಲಿದಿಟ್ಟಿದ್ದೇನೆ, ಬಸ್ಸಿನ ಡ್ರೈವರ್ ಕೈಲಿ ಕಳಿಸುತ್ತೇನೆ. ಕತ್ತು ಬಿಗಿಯಾದರೆ ಒಳಗೆ ಬಟ್ಟೆ ಬಿಟ್ಟಿದ್ದೇನೆ, ಬಿಚ್ಚಿಕೋ. ನೀನು ಗೆದ್ದರೂ, ಸೋತರೂ, ನಿನ್ನ ಬೆನ್ನು ನೆಟ್ಟಗಿರಲಿ. ನಿನ್ನ ಮಾತು ನಿನ್ನ ಬಾಯಿಂದಲೇ ಬರಲಿ. ನಿನ್ನ ಮನೆಯ ಒಲೆಯೂ ಮನಸ್ಸೂ ಬೆಚ್ಚಗಿರಲಿ.

ಇಂತಿ ನಿನ್ನನ್ನು ದಿನಾ ನೆನೆಯುವ,
ಅಮ್ಮ

ಮರೆತ ಮಾತು: ಮರೆತದ್ದಲ್ಲ. ಎರಡು ತಿಂಗಳು ಬರೆಯದೆ ಕೂತದ್ದು ಇದೊಂದಕ್ಕೇ.

ನಿನ್ನ ಕಾಗದದ ಕೊನೆಯಲ್ಲಿ ಬರೆದಿದ್ದೀಯ: "ಅವತ್ತು ಸುದ್ದಿ ಸಮಯಕ್ಕೆ ಸಿಕ್ಕಿದ್ದರೆ ನೀನು ಎಲ್ಲ ಬಿಟ್ಟು ಓಡಿ ಬರ್ತಿದ್ದೆ ಅಂತ ನನಗೆ ಗೊತ್ತಮ್ಮ. ಇಲ್ಲಿ ಯಾರಾದರೂ ಏನಾದರೂ ಅಂದರೆ ಅದನ್ನೇ ಹೇಳ್ತೀನಿ." ಸಭೆಗೆ ಫೋನು ಒಳಗೆ ಬಿಡಲ್ಲ, ಬಾಗಿಲಲ್ಲೇ ತಟ್ಟೆಯಲ್ಲಿ ಇಡಬೇಕು, ಮುಗಿದ ಮೇಲೆ ನೋಡಿದೆ ಅಂತ ನಾನೇ ನಿನಗೆ ಹೇಳಿದ್ದೆ. ಫೋನು ಹೊರಗಿಟ್ಟಿದ್ದು ನಿಜ. ಅಳಿಯಂದಿರು ಪುರಸಭೆಯ ಆಫೀಸಿನ ಫೋನಿಗೂ ಮಾಡಿದ್ದರು. ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಜವಾನರು ಚೀಟಿ ತಂದು ನನ್ನ ಕೈಗೆ ಕೊಟ್ಟರು. "ಮಗಳಿಗೆ ನೋವು ಶುರುವಾಗಿದೆ. ನಿಮ್ಮನ್ನೇ ಕೇಳುತ್ತಿದ್ದಾಳೆ. ಬೇಗ ಬನ್ನಿ."

ಹನ್ನೊಂದೂವರೆಗೆ ಬಸ್ಸಿತ್ತು. ಹತ್ತಿದ್ದರೆ ಮೂರೂವರೆಗೆ ನಿನ್ನ ಹತ್ತಿರ ಇರುತ್ತಿದ್ದೆ. ಮಗು ಬಂದದ್ದು ನಾಲ್ಕೂ ಹತ್ತಕ್ಕೆ. ನಾನು ಚೀಟಿ ಮಡಚಿ, ಚೊಚ್ಚಲು ಹೆರಿಗೆ, ಹನ್ನೆರಡು ಗಂಟೆಯಾದರೂ ಹಿಡಿಯುತ್ತೆ, ಮತ ಮುಗಿಸಿ ಹೊರಟರೂ ಸಿಗುತ್ತೆ ಅಂತ ಅಂದಾಜು ಕಟ್ಟಿದೆ. ಅಷ್ಟು ಮುಂಚೆ ನೋವು ಯಾಕೆ ಬಂತು ಅಂತ ಕೇಳಬೇಕಿತ್ತು. ಬೇರೆಯವರ ಮಗಳಾಗಿದ್ದರೆ ಕೇಳುತ್ತಿದ್ದೆ. ಕುತ್ತಿಗೆಗೆ ಹೊಕ್ಕುಳಬಳ್ಳಿ ಸುತ್ತಿತ್ತು ಅಂತ ಆಮೇಲೆ ಹೇಳಿದರು. ಅಂಥವನ್ನು ನಾನು ಎಷ್ಟೋ ಬಿಡಿಸಿದ್ದೇನೆ, ಎಷ್ಟೋ ಬಿಡಿಸಲಾಗದೆ ಕೈಚೆಲ್ಲಿದ್ದೇನೆ. ಇದು ಯಾವ ಥರದ್ದಾಗಿತ್ತು ಅಂತ ನನಗೆ ಎಂದಿಗೂ ತಿಳಿಯುವುದಿಲ್ಲ. ನಿನ್ನ ಕೈಯನ್ನಾದರೂ ಹಿಡಿದುಕೊಂಡಿರುತ್ತಿದ್ದೆ, ಅದು ತಿಳಿದಿದೆ.

ನೀನು ಹುಟ್ಟಿದ ದಿನ ನಿಮ್ಮಪ್ಪ ಕೆಲಸದ ಮೇಲೆ ಬೇರೆ ಊರಲ್ಲಿದ್ದರು. ಮೂರನೇ ದಿನ ಬಂದರು. ಅದನ್ನು ಯಾರೂ ತಪ್ಪು ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಈ ಮಾತು ಹೇಳಿಕೊಂಡು ನನ್ನನ್ನು ನಾನು ಬಿಡಿಸಿಕೊಳ್ಳೋಣ ಅಂತ ತುಂಬಾ ಸಲ ನೋಡಿದ್ದೇನೆ. ಮಾತು ನಿಜವೇ. ಆದರೂ ಬಿಡುಗಡೆ ಸಿಗಲಿಲ್ಲ.

ಚೀಟಿ ಓದುವಾಗ ಅಧ್ಯಕ್ಷರು ನನ್ನನ್ನೇ ನೋಡುತ್ತಿದ್ದರು. "ಏನಕ್ಕಾ, ಮನೆ ಕಡೆ ಏನಾದರೂ ತುರ್ತಾ? ಹೋಗಿಬನ್ನಿ" ಅಂದರು. "ಏನೂ ಇಲ್ಲ, ಮುಂದುವರಿಸಿ" ಅಂದೆ. ನಿನ್ನನ್ನು ನಾನು ಏನೂ ಇಲ್ಲ ಅಂದೆ, ಪುಟ್ಟಿ.

ಮತ್ತೆ ಆ ದಿನ ಬಂದರೆ ಏನು ಮಾಡುತ್ತೀಯ ಅಂತ ನೀನು ಕೇಳಬಹುದು. ಒಂದೊಂದು ದಿನ ಒಂದೊಂದು ಉತ್ತರ ಬರುತ್ತದೆ. ಚಿಕ್ಕಸೊಸೆಯನ್ನು ಬೀದಿಯಲ್ಲಿ ನೋಡಿದ ದಿನ ಒಂದು, ನಿನ್ನ ಫೋನು ಬಂದ ದಿನ ಇನ್ನೊಂದು.

ಬಸ್ಸು ಹತ್ತಿ ಬಂದು ಎದುರಿಗೇ ಹೇಳಬಹುದಿತ್ತು. ಎದುರಿಗೆ ಹೇಳಿದರೆ ನೀನು ತಕ್ಷಣ "ಪರವಾಗಿಲ್ಲ ಬಿಡಮ್ಮ" ಅಂದುಬಿಡುತ್ತೀಯ. ಅದನ್ನು ಅಷ್ಟು ಬೇಗ ಹೇಳಬೇಡ ಅಂತ ಕಾಗದ ಬರೆದೆ.